ಕುಣಿಯೋ ಟೀಚರ್ ಮನೆ

ನಮ್ಮವ್ವನನ್ನು ‘ಕುಣಿಯೋ ಟೀಚರ್’ ಅಂತ ಮೊದಲು ಕರೆದವರು ನಮ್ಮ ಮನೆಯವರೇ. ಅಜ್ಜಿ ಆ ಮಾತನ್ನು ಅಡುಗೆಮನೆಯಲ್ಲಿ ಹುಟ್ಟಿಸಿದಳು, ಅಪ್ಪಾಜಿ ಅದನ್ನು ಕೇಳಿ ನಕ್ಕರು, ಹಬ್ಬಕ್ಕೆ ಬಂದ ನೆಂಟರು ಅದನ್ನು ಹೊನ್ನಾಳಿಯ ಓಣಿ ಓಣಿಗೆ ಹಂಚಿದರು. ನಾನಾಗ ಅವ್ವನ ಶಾಲೆಯಲ್ಲೇ ಐದನೆಯ ತರಗತಿಯಲ್ಲಿದ್ದೆ. ನಿನಗೆ ಇಷ್ಟು ಸಿಟ್ಟು ಎಲ್ಲಿಂದ ಬಂತು ವನಜಾ ಎಂದು ಈಗಲೂ ಜನ ಕೇಳುತ್ತಾರೆ. ಆ ಎರಡು ಮೂರು ವರ್ಷಗಳಲ್ಲಿ ಬಂತು. ಬಂದದ್ದು ಹೋಗಿಲ್ಲ. ಹೋಗಬೇಕು ಅಂತ ನನಗೂ ಅನ್ನಿಸಿಲ್ಲ.

ಹೊಳೆಗೆ ಇಳಿಯುವ ದಾರಿಯ ಓಣಿಯಲ್ಲಿತ್ತು ನಮ್ಮ ಮನೆ. ಬಾಗಿಲು ದಾಟಿದರೆ ಪಡಸಾಲೆ, ಅದರ ಎಡಕ್ಕೆ ಅಜ್ಜಿ ಲಿಂಗಪೂಜೆಗೆ ಕೂರುವ ಸಣ್ಣ ಕೋಣೆ, ಹಿಂದೆ ಅಡುಗೆಮನೆ, ಅದರ ಹಿಂದೆ ಬಟ್ಟೆ ಒಗೆಯುವ ಕಲ್ಲು ಹಾಕಿದ ಹಿತ್ತಲು. ಪಡಸಾಲೆ ಅಪ್ಪಾಜಿಯದು. ಪೇಟೆಯಲ್ಲಿ ಬಟ್ಟೆ ಅಂಗಡಿ ಇದ್ದುದರಿಂದ ಸುತ್ತಲ ಹಳ್ಳಿಗಳ ಗಿರಾಕಿಗಳು ಸಂತೆಯ ದಿನ ಅಂಗಡಿಯಿಂದ ಮನೆಗೂ ಬಂದು ನೀರು ಕುಡಿದು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಅಡುಗೆಮನೆ ಅಜ್ಜಿಯದು. ಅವ್ವನದು ಅನ್ನುವ ಜಾಗ ಆ ಮನೆಯಲ್ಲಿ ಇರಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿದು, ನನ್ನ ಜಡೆ ಹೆಣೆದು, ನ್ಯಾಮತಿ ಕಡೆಯ ಬಸ್ಸು ಹಿಡಿದು, ಅಲ್ಲಿಂದಾಚೆ ಒಂದು ಹಳ್ಳಿಯ ಶಾಲೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದಳು. ಆ ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿ ಒಳ್ಳೆಯವರೂ ಇದ್ದರು, ಅವರ ಮೊಮ್ಮಕ್ಕಳು ಈಗ ಅದೇ ಶಾಲೆಗೆ ಹೋಗುತ್ತಿರಬಹುದು.

ಒಂದು ಬೇಸಿಗೆ ರಜೆಯಲ್ಲಿ ದಾವಣಗೆರೆಯಲ್ಲಿ ಶಿಕ್ಷಕರಿಗೆ ನಾಟಕದ ತರಬೇತಿ ಇದೆ, ಒಬ್ಬರು ಹೋಗಲೇಬೇಕು ಎಂದು ಶಾಲೆಗೆ ಆದೇಶ ಬಂತು. ಯಾರೂ ಒಪ್ಪಲಿಲ್ಲವಾದ್ದರಿಂದ ಹೆಡ್ ಮೇಷ್ಟ್ರು ಅವ್ವನ ಹೆಸರು ಬರೆದು ಕಳಿಸಿದರು. ಅವ್ವ ಗೊಣಗಿಕೊಂಡೇ ಹೋದಳು. ಬಂದವಳು ಮಾತ್ರ ಬೇರೆಯವಳ ಹಾಗಿದ್ದಳು. ಯಾವಾಗಲೂ ತಲೆ ತಗ್ಗಿಸಿ ಮಾತಾಡುತ್ತಿದ್ದವಳು ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಹುಲಿಯ ದನಿ, ಮುದುಕಿಯ ದನಿ, ಮಳೆಯ ದನಿ ಮಾಡುತ್ತಿದ್ದಳು. ಶಾಲೆ ಶುರುವಾದ ಮೇಲೆ ಒಂದು ಭಾನುವಾರ ಹಳೇ ಪೇಪರು ನೆನೆಹಾಕಿ, ಒಲೆಯ ಮೇಲೆ ಮೈದಾ ಅಂಟು ಕುದಿಸಲು ಇಟ್ಟಳು. ಮಕ್ಕಳಿಗೆ ಮುಖವಾಡ ಮಾಡಬೇಕಿತ್ತು. ಪೂಜೆ ಮುಗಿಸಿ ಬಂದ ಅಜ್ಜಿ ಪಾತ್ರೆಯೊಳಗೆ ಇಣುಕಿದಳು.

“ಏನೇ ಇದು, ಗಂಜಿನಾ?”

“ಅಲ್ಲ ಅತ್ತೆ, ಅಂಟು. ಮುಖವಾಡ ಮಾಡಾಕೆ.”

“ಹಾಲು ಕಾಸೋ ಪಾತ್ರೆಯಾಗೆ ಅಂಟು ಕುದಿಸ್ತಾರೇನೇ? ಈ ಒಲೆ ಮೇಲೆ ನಾನು ಪ್ರಸಾದ ಮಾಡ್ತೀನಿ, ನೀನು ಗೊಂಬೆ ಅಂಟು ಮಾಡ್ತೀಯಾ? ಸಂಬಳ ಕೊಡೋದು ಪಾಠ ಹೇಳಾಕೋ, ಕುಣಿಯಾಕೋ?”

ಅಪ್ಪಾಜಿ ಪಡಸಾಲೆಯಿಂದಲೇ, “ಬಿಡವ್ವ, ನಾಕು ದಿನ ಕುಣಿದು ಸುಮ್ನಾಗ್ತಾಳೆ,” ಅಂದರು. ಅಜ್ಜಿಯ ಬೈಗುಳಕ್ಕಿಂತ ಆ ಮಾತು ಅವ್ವನಿಗೆ ಹೆಚ್ಚು ತಾಗಿತು. ಪಾತ್ರೆ ಇಳಿಸಿ ಹಿತ್ತಲಿಗೆ ಹೋದಳು. ಮೂರು ಕಲ್ಲು ಜೋಡಿಸಿ, ತೆಂಗಿನ ಗರಿ ಒಟ್ಟಿ, ಹಳೇ ತಗಡಿನ ಡಬ್ಬಿಯಲ್ಲಿ ಅಂಟು ಕುದಿಸಿದಳು. ಅಂದು ಮಧ್ಯಾಹ್ನ ಅಜ್ಜಿ ಊಟಕ್ಕೆ ಕೂತವಳು, ಸೊಸೆಯ ಕೈಗೆ ಅಂಟಿನ ವಾಸನೆ ಐತೆ ಎಂದು ಅನ್ನವನ್ನು ತಾನೇ ಬಡಿಸಿಕೊಂಡಳು. ಅವ್ವ ಸಾರಿನ ಪಾತ್ರೆಯನ್ನು ಅವಳ ಕಡೆ ಸರಿಸಿದಳು. ಆಮೇಲೆ ಹಿತ್ತಲೇ ಅವ್ವನ ಜಾಗವಾಯಿತು. ಬಟ್ಟೆ ಹಗ್ಗದ ಮೇಲೆ ಅಜ್ಜಿಯ ಸೀರೆಯ ಪಕ್ಕದಲ್ಲಿ ಕರಡಿಯ ಮುಖ, ಪೊಲೀಸಿನ ಮುಖ, ಪಂಚಾಯ್ತಿ ಸದಸ್ಯರ ಮುಖಗಳು ಒಣಗುತ್ತಿದ್ದವು.

ಶಾಲೆಯಲ್ಲಿ ಆಗುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡೆ. ಅದಕ್ಕೇ ಈಗ ಯಾರಾದರೂ ‘ಅದೆಲ್ಲ ಟೈಂಪಾಸ್’ ಅಂದರೆ ನನಗೆ ಸಹಿಸಲಾಗುವುದಿಲ್ಲ. ನಮ್ಮ ತರಗತಿಯಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಬಾಯಿ ಮುಚ್ಚಿದ ಕ್ಷಣವಿಲ್ಲ. ಹಿಂದಿನ ವರ್ಷ ಅವಳ ಬಾಯಿಗೇ ಎಷ್ಟು ಏಟು ಬಿದ್ದಿದ್ದವೋ. ‘ಬಾಯಿಬಡುಕಿ’ ಅಂತಲೇ ಎಲ್ಲ ಮೇಷ್ಟ್ರುಗಳೂ ಕರೆಯುತ್ತಿದ್ದರು. ಪಂಚಾಯ್ತಿಯ ಪಾಠ ಬಂದಾಗ ಅವ್ವ ಪುಸ್ತಕ ಮುಚ್ಚಿಸಿ, ಬೆಂಚುಗಳನ್ನು ಗೋಡೆಗೆ ಸರಿಸಿ, “ರೇಣುಕಾ, ನೀನೇ ಅಧ್ಯಕ್ಷೆ. ಸಭೆ ನಡೆಸು,” ಅಂದಳು. ರೇಣುಕಾ ಕೂತಲ್ಲಿಂದ ಎದ್ದು, ಲಂಗ ಸರಿಮಾಡಿಕೊಂಡು, “ಒಬ್ಬೊಬ್ರೇ ಮಾತಾಡ್ರಿ, ಇದೇನು ಸಂತೆ ಅಂದ್ಕೊಂಡೀರಾ?” ಎಂದಾಗ ಇಡೀ ತರಗತಿ ಗೊಳ್ಳೆಂದು ನಕ್ಕು, ನಿಜವಾಗಿಯೂ ಸುಮ್ಮನಾಯಿತು. ಆಮೇಲೆ ಅವ್ವ ನಮ್ಮನ್ನು ಊರೊಳಗೆ ಕಳಿಸಿದಳು. ಕುಡಿಯೋ ನೀರು ಎಲ್ಲಿಂದ ಬರ್ತೈತೆ, ಯಾರ ಮನೆಗೆ ಬರಲ್ಲ, ದೀಪ ಯಾವ ಕಂಬಕ್ಕಿಲ್ಲ ಎಂದು ಕೇಳಿಕೊಂಡು ಬಂದೆವು. ಆ ಉತ್ತರಗಳನ್ನೇ ಜೋಡಿಸಿ ಮಕ್ಕಳೇ ಒಂದು ನಾಟಕ ಕಟ್ಟಿದರು. ಅವ್ವ ಒಂದು ಸಾಲನ್ನೂ ಬರೆಯಲಿಲ್ಲ. ಹೆಡ್ ಮೇಷ್ಟ್ರು ದಿನಾ ಬಂದು ತಾಲೀಮು ನೋಡುತ್ತಿದ್ದರು. ರೇಣುಕಾ ಉಟ್ಟ ಸೀರೆಯ ನೆರಿಗೆ ಉದ್ದವಾಯ್ತು, ಎಡವುತ್ತಾಳೆ ಎಂದು ಹೇಳಿ ಸರಿಮಾಡಿಸಿದವರೂ ಅವರೇ. ಇದನ್ನು ಗಟ್ಟಿಯಾಗಿ ಬರೆಯುತ್ತಿದ್ದೇನೆ. ಯಾಕೆಂದರೆ ಆಮೇಲೆ ಅವರು ಏನನ್ನೂ ನೋಡಿರಲಿಲ್ಲವಂತೆ.

ನಾಟಕದ ದಿನ ಶಾಲೆಯ ಅಂಗಳ ತುಂಬಿತ್ತು. ಮುಂದಿನ ಕುರ್ಚಿಯಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು, ಆ ಊರಿನ ಅಕ್ಕಿ ಗಿರಣಿಯ ಮಾಲೀಕರು. ರೇಣುಕಾ ಅಧ್ಯಕ್ಷೆಯ ಪಾತ್ರದಲ್ಲಿ ಸಭೆ ನಡೆಸುತ್ತಾ ಕೇಳಿದಳು: “ನಮ್ಮ ಶಾಲೆಗೆ ಅಂತ ಹಾಕಿದ ಪೈಪಿನ ನೀರು ಗಿರಣಿ ಹಿತ್ತಲಿಗೆ ಹೆಂಗೆ ಹೋಗ್ತೈತೆ? ಪೈಪಿಗೆ ಕಾಲು ಬಂದಾವಾ?” ಜನ ನಕ್ಕರು, ಚಪ್ಪಾಳೆ ಹೊಡೆದರು. ಮಾಲೀಕರೂ ನಕ್ಕರು. ಆ ನಗುವನ್ನು ನಂಬಿ ನಾವು ಖುಷಿಯಿಂದ ಬಸ್ಸು ಹತ್ತಿದೆವು.

ಮುಂದಿನ ಭಾನುವಾರ ಮಾಲೀಕರು ಹೆಡ್ ಮೇಷ್ಟ್ರನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. ಅಪ್ಪಾಜಿ ಎದ್ದು ನಿಂತು ಬರಮಾಡಿಕೊಂಡರು. ಆ ಊರಿನ ಮದುವೆ ಜವಳಿಯೆಲ್ಲ ನಮ್ಮ ಅಂಗಡಿಯಿಂದಲೇ ಹೋಗುತ್ತಿತ್ತು. ಅಜ್ಜಿ ಚಾ ತಂದುಕೊಟ್ಟು, ಮಂಡಕ್ಕಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು. ಅವ್ವ ಬಾಗಿಲ ಬಳಿ ನಿಂತಿದ್ದಳು. ಅವಳ ಹಿಂದೆ ನಾನು.

“ಟೀಚರ್, ದೊಡ್ಡದೇನಿಲ್ಲ,” ಎಂದರು ಮಾಲೀಕರು. “ನಾಳೆ ಪ್ರಾರ್ಥನೆ ಟೈಮಿಗೆ ಆ ಹುಡುಗಿ ಎಲ್ರ ಮುಂದೆ ನಿಂತು ತಪ್ಪಾಯ್ತು ಅನ್ಲಿ. ನೀವೇ ಹೇಳಿಕೊಟ್ಟಿದ್ದು ಅಂತ ನೀವೂ ಒಂದು ಮಾತು ಹೇಳ್ರಿ. ಅಲ್ಲಿಗೆ ಮುಗೀತು.”

“ನೀರು ನಿಮ್ಮ ಹಿತ್ತಲಿಗೆ ಹೋಗಲ್ಲ ಅಂದ್ರೆ ಹೇಳ್ರಿ, ನಾನೇ ತಪ್ಪು ಅಂತೀನಿ,” ಎಂದಳು ಅವ್ವ.

ಮಾಲೀಕರು ಹೆಡ್ ಮೇಷ್ಟ್ರ ಮುಖ ನೋಡಿದರು. ಅವರು ಚಾ ಲೋಟದೊಳಗೆ ನೋಡುತ್ತಾ, “ನಂಗೆ ನಾಟಕದಾಗೆ ಇದೆಲ್ಲ ಐತೆ ಅಂತ ಗೊತ್ತೇ ಇರ್ಲಿಲ್ಲ. ಟೀಚರ್ ನನ್ನ ಕೇಳ್ಲೇ ಇಲ್ಲ,” ಅಂದರು.

 ಅವ್ವ ಅಪ್ಪಾಜಿಯ ಕಡೆ ತಿರುಗಿದಳು. ಆ ನೋಟ ನನಗೆ ಚೆನ್ನಾಗಿ ನೆನಪಿದೆ. ಏನನ್ನೂ ದೊಡ್ಡದಾಗಿ ಕೇಳುತ್ತಿರಲಿಲ್ಲ ಅದು. ‘ಮನೆಗೆ ಬಂದು ನನ್ನ ಹೆಂಡ್ತಿಗೆ ಹಿಂಗೆ ಹೇಳಬ್ಯಾಡ್ರಿ’ ಅನ್ನುವ ಒಂದು ಮಾತು ಸಾಕಿತ್ತು ಅದಕ್ಕೆ. ಅಪ್ಪಾಜಿ ಎಲೆಗೆ ಸುಣ್ಣ ಸವರುತ್ತಲೇ ಇದ್ದರು.

“ಸಾರ್, ನಿಮ್ಗೆ ಬ್ಯಾಸರ ಆಗಿದ್ರೆ ನನ್ನ ಬೈರಿ,” ಎಂದಳು ಅವ್ವ ಕೊನೆಗೆ. “ಮಕ್ಳು ಊರಾಗೆ ಓಡಾಡಿ ಕಂಡಿದ್ದನ್ನ ಹೇಳ್ಯಾರೆ. ಅವ್ರ ಕೈಲಿ ತಪ್ಪಾಯ್ತು ಅನ್ಸಾಕೆ ನನ್ನಿಂದ ಆಗಲ್ಲ.”

ಅವರು ಎದ್ದು ಹೋದರು. ಮಂಡಕ್ಕಿ ತಟ್ಟೆ ಹಿಡಿದು ಬಂದ ಅಜ್ಜಿ ಖಾಲಿ ಕುರ್ಚಿ ನೋಡಿ, ಏನಾಯಿತೆಂದು ಕೇಳಿದಳು. ಅವ್ವ ಹೇಳಿದಳು. ಅಜ್ಜಿ ತಟ್ಟೆಯನ್ನು ಕುಕ್ಕಿದಳು.

“ಶಾಲೆ ಮಕ್ಳ ನೀರು ಕದ್ದೋನಿಗೆ ನನ್ನ ಕೈಲಿ ಚಾ ಕೊಡಿಸಿದ್ಯಲ್ಲೇ! ಮೊದ್ಲೇ ಹೇಳಾಕೆ ಏನಾಗಿತ್ತು ನಿಂಗೆ?”

ಹಾಗೆಂದ ಮಾತ್ರಕ್ಕೆ ಅಜ್ಜಿ ಬದಲಾದಳು ಅಂತ ಯಾರೂ ತಿಳಿಯಬೇಡಿ. ಮರುದಿನ ಅಂಟಿನ ಡಬ್ಬಿ ಕಂಡು ಮತ್ತೆ ಬೈದಳು. ಆದರೆ ಆ ಮಧ್ಯಾಹ್ನ, ಆ ಮನೆಯಲ್ಲಿ, ಸಿಟ್ಟು ಮಾಡಿಕೊಳ್ಳಬೇಕಾದವರ ಮೇಲೆ ಸಿಟ್ಟು ಮಾಡಿಕೊಂಡವಳು ಅವಳೊಬ್ಬಳೇ.

ತಿಂಗಳು ಕಳೆಯುವುದರೊಳಗೆ ಅವ್ವನಿಗೆ ಜಗಳೂರು ತಾಲ್ಲೂಕಿಗೆ ವರ್ಗವಾಯಿತು. ಹೊನ್ನಾಳಿ ಎಲ್ಲಿ, ಜಗಳೂರು ಎಲ್ಲಿ! ದಿನಾ ಹೋಗಿ ಬರುವ ಮಾತೇ ಇರಲಿಲ್ಲ. ಅವಳನ್ನು ತರಬೇತಿಗೆ ಕಳಿಸಿದ ಇಲಾಖೆಯೇ, ತರಬೇತಿಯಲ್ಲಿ ಕಲಿತದ್ದನ್ನು ಮಾಡಿದಳು ಎಂದು ಎತ್ತಿ ಎಸೆಯಿತು. ಹಾಗಂತ ಆದೇಶದಲ್ಲಿ ಬರೆದಿರಲಿಲ್ಲ, ಆಡಳಿತದ ಹಿತದೃಷ್ಟಿ ಅಂತ ಇತ್ತು. ಜೊತೆಗೆ ತರಬೇತಿ ಪಡೆದ ಮೇಷ್ಟ್ರುಗಳು ಬಸ್ ನಿಲ್ದಾಣದಲ್ಲಿ ಸಿಕ್ಕು, “ಪಾಪ, ಹಿಂಗಾಗಬಾರ್ದಿತ್ತು ಟೀಚರ್,” ಎಂದು ತಮ್ಮ ಬಸ್ಸು ಹತ್ತಿದರು. ಶಾಲೆಯ ಹಿತ್ತಲಲ್ಲಿ ಮುಖವಾಡಗಳನ್ನು ಸುಟ್ಟರಂತೆ. ರೇಣುಕಾಳನ್ನು ಅವರಪ್ಪ ಶಾಲೆ ಬಿಡಿಸಿದ. ಎಷ್ಟೋ ವರ್ಷಗಳಾದ ಮೇಲೂ ಈ ಸಾಲನ್ನು ಒಂದೇ ಸಲಕ್ಕೆ ಬರೆಯಲಾಗುವುದಿಲ್ಲ. ಅಷ್ಟು ಚೆಂದ ಸಭೆ ನಡೆಸಿದ ಹುಡುಗಿ!

ಅಪ್ಪಾಜಿ ಟ್ರಂಕು ಕಟ್ಟಲು ಸಹಾಯ ಮಾಡುತ್ತಾ, “ಒಂದು ಮಾತು ತಪ್ಪಾಯ್ತು ಅಂದಿದ್ರೆ ಮುಗೀತಿತ್ತು,” ಅಂದರು. “ಒಂದು ಮಾತು ನೀವು ಆಡಿದ್ರೂ ಮುಗೀತಿತ್ತು,” ಅಂದಳು ಅವ್ವ. ಅಷ್ಟೇ. ಅದಕ್ಕಿಂತ ದೊಡ್ಡ ಜಗಳ ಅವರಿಬ್ಬರ ನಡುವೆ ನಾನು ಕಂಡಿಲ್ಲ.

ಜಗಳೂರಿನಲ್ಲಿ ಅವ್ವನಿಗೂ ಜೊತೆಗೆ ಹೋದ ನನಗೂ ಸಿಕ್ಕಿದ್ದು ಖೈರುನ್ಬಿ ಎಂಬಾಕೆಯ ಮನೆಯ ಮುಂದಿನ ಒಂದು ಕೋಣೆ, ಅದಕ್ಕೊಂದು ಅಗಲವಾದ ಜಗಲಿ. ಆಕೆ ಹಳೇ ಬಟ್ಟೆ ತುಂಡು ಸೇರಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದರು, ಗಂಡನಿಗೆ ಸೈಕಲ್ ರಿಪೇರಿ ಅಂಗಡಿ. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆ. ಆ ಕೋಣೆಯಲ್ಲಿ ಅವ್ವನಿಗೆ ಬೇಕಾದಷ್ಟು ಜಾಗವಿತ್ತು, ಯಾರ ಒಲೆಯೂ ಅಡ್ಡವಿರಲಿಲ್ಲ. ಆದರೆ ಅವಳು ಏನನ್ನೂ ಮಾಡಲಿಲ್ಲ. ನಾನೂ ಸೇರಿದ್ದ ಹೊಸ ಶಾಲೆಯಲ್ಲಿ, ನಮ್ಮ ತರಗತಿಯ ಬೋರ್ಡಿನ ಮೇಲೆ ಪ್ರಶ್ನೆ ಬರೆದು, ಕೆಳಗೆ ಉತ್ತರ ಬರೆದು, ಮಕ್ಕಳು ಅದನ್ನು ಇಳಿಸಿಕೊಳ್ಳುವವರೆಗೆ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದಳು. ಮನೆಗೆ ಬಂದು ಅಕ್ಕಿ ಆರಿಸುತ್ತಿದ್ದಳು. ಅವಳ ಬಾಯಲ್ಲಿ ಹುಲಿಯೂ ಇಲ್ಲ, ಮಳೆಯೂ ಇಲ್ಲ. ಊರಿನವರು ‘ಹೊಸ ಟೀಚರ್ ಬಾಳ ಒಳ್ಳೇರು, ಗದ್ಲ ಇಲ್ಲ’ ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಕೇಳಿದರೆ ನನಗೆ ಅಳು ಬರುತ್ತಿತ್ತು. ಒಬ್ಬ ಶಿಕ್ಷಕಿಯನ್ನು ಕೊಲ್ಲುವುದು ಎಷ್ಟು ಸುಲಭ! ನೌಕರಿ ಇರುತ್ತದೆ, ಸಂಬಳ ಇರುತ್ತದೆ, ಒಳಗೆ ಉಸಿರು ಮಾತ್ರ ಇರುವುದಿಲ್ಲ.

ಅದನ್ನು ಮುರಿದವರು ತಿಪ್ಪೇಸ್ವಾಮಿ ಮೇಷ್ಟ್ರು. ಅವ್ವನ ಶಾಲೆಯಲ್ಲೇ ಗಣಿತ ಹೇಳುತ್ತಿದ್ದ ಯುವಕರು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಜಗಲಿಗೆ ಬಂದು ನಿಂತರು.

“ಟೀಚರ್, ನ್ಯಾಮತಿ ಕಡೆ ನೀವು ನಾಟಕದಾಗೆ ಪಾಠ ಮಾಡಿಸ್ತಿದ್ರಂತೆ. ನಂಗೂ ಹೇಳಿಕೊಡ್ರಿ. ನನ್ನ ತರಗತಿಯಾಗೆ ಅರ್ಧ ಮಕ್ಳು ನಿದ್ದೆ ಮಾಡ್ತಾರೆ.”

ಅವ್ವ ಮೊರ ಕೆಳಗಿಟ್ಟಳು. “ಕಲಿಯಾಕೆ ಎಲ್ರೂ ಬರ್ತಾರೆ ಮೇಷ್ಟ್ರೇ. ನೋಟೀಸು ಬಂದಾಗ ಯಾರೂ ಇರಲ್ಲ.”

“ನೋಟೀಸು ಬಂದ್ರೆ ನನ್ನ ಹೆಸ್ರೂ ಸೇರಿಸ್ರಿ ಅಂತ ನಾನೇ ಬರೆದು ಕೊಡ್ತೀನಿ.”

“ಈಗ ಹಂಗಂತೀರಿ.”

“ಹೌದ್ರಿ, ಈಗ ಹಂಗೇ ಅನ್ನಾಕೆ ಆಗೋದು. ಆಮೇಲಿಂದು ಆಮೇಲೆ ನೋಡ್ರಿ.”

ಒಳಗಿನಿಂದ ಖಾಲಾ ನಕ್ಕರು. “ಕೂತ್ಕೊಳ್ರಿ ಸಾಬ್, ಚಾ ಮಾಡ್ತೀನಿ. ಟೀಚರಮ್ಮಂಗೆ ನಮ್ಮ ಮನೆಯಾಗೆ ಕೂತು ಕೂತು ಕಬ್ಬಿಣದಂಗೆ ಜಂಗು ಹಿಡಿದೈತೆ.”

ಹಾಗೆ ಶುರುವಾಯಿತು. ಶನಿವಾರದ ಮಧ್ಯಾಹ್ನಗಳು ಜಗಲಿಯಲ್ಲಿ ಕಳೆಯತೊಡಗಿದವು. ಮೊದಲು ತಿಪ್ಪೇಸ್ವಾಮಿ ಮೇಷ್ಟ್ರು, ಆಮೇಲೆ ಪಕ್ಕದ ಹಳ್ಳಿಗಳಿಂದ ಇನ್ನೂ ಕೆಲವರು. ಖಾಲಾ ಕೌದಿಯ ತುಂಡು ಬಟ್ಟೆಗಳನ್ನು ಕೊಟ್ಟು ಕೈಗೊಂಬೆ ಮಾಡಲು ಕೂತರು. ಗೊಂಬೆಯ ಮೂಗು ಎಲ್ಲಿರಬೇಕು ಎಂಬುದಕ್ಕೆ ಮೇಷ್ಟ್ರುಗಳ ಜೊತೆ ಜಗಳ ಕಾಯುತ್ತಿದ್ದರು. ಭಿನ್ನರಾಶಿಯನ್ನು ಚಪ್ಪಾಳೆಯಲ್ಲಿ ಹೇಗೆ ಹೇಳುವುದು, ಭೂಪಟವನ್ನು ರಂಗೋಲಿ ಪುಡಿಯಲ್ಲಿ ಹೇಗೆ ಬಿಡಿಸುವುದು, ಪದ್ಯವನ್ನು ಬಾಯಿಪಾಠ ಮಾಡಿಸದೆ ಹೇಗೆ ಮಕ್ಕಳ ಮೈಗೆ ಇಳಿಸುವುದು ಎಂದು ಸಂಜೆಯವರೆಗೂ ಮಾತು. ಯಾರದೋ ಪಾಠ ಕೆಟ್ಟುಹೋಗಿದ್ದರೆ ಅದನ್ನೂ ಹೇಳಿಕೊಂಡು ನಗುತ್ತಿದ್ದರು. ಅವ್ವ ಒಂದೇ ಕರಾರು ಹಾಕಿದ್ದಳು: ಯಾರೂ ಒಬ್ಬರೇ ಮಾಡಬಾರದು. ಒಬ್ಬರ ತರಗತಿಯಲ್ಲಿ ಹೊಸದೇನಾದರೂ ನಡೆದರೆ ಇನ್ನೊಬ್ಬರು ಹೋಗಿ ನೋಡಬೇಕು, ಕೇಳಿದವರಿಗೆ ನೋಡಿದ್ದೇನೆ ಅನ್ನಬೇಕು.

ಒಂದು ಶನಿವಾರ ಊರಿನಿಂದ ಅಪ್ಪಾಜಿ ಬಂದರು. ಎಲ್ಲರ ನಡುವೆ ಎಲ್ಲಿ ಕೂರಬೇಕೆಂದು ತಿಳಿಯದೆ ಕಂಬಕ್ಕೆ ಒರಗಿ ನಿಂತಿದ್ದರು. ಗೊಂಬೆಯಾಟಕ್ಕೆ ಪರದೆಯಾಗಿ ಸೀರೆ ಕಟ್ಟಿದ್ದು ಗಾಳಿಗೆ ಬಿಚ್ಚಿಹೋಯಿತು. “ಅಣ್ಣಾರೇ, ಆ ತುದಿ ಹಿಡ್ಕೊಳ್ರಿ,” ಎಂದರು ತಿಪ್ಪೇಸ್ವಾಮಿ ಮೇಷ್ಟ್ರು. ಅಪ್ಪಾಜಿ ಹಿಡಿದರು. ಆಟ ಮುಗಿಯುವವರೆಗೂ ಕೈ ಇಳಿಸದೆ ನಿಂತರು. ಹೋಗುವಾಗ ಅವ್ವನಿಗೆ, “ಅಂಗಡಿಯಾಗೆ ಉಳಿದ ತುಂಡು ಬಟ್ಟೆ ಕಳಿಸ್ತೀನಿ,” ಅಂದರು. ಅವ್ವ ಹೂಂ ಅಂದಳು. ನಾನು ಅಷ್ಟು ಬೇಗ ಕರಗಲಿಲ್ಲ. ಇಷ್ಟು ಮಾಡಲು ಬರುತ್ತಿತ್ತಲ್ಲ ಇವರಿಗೆ, ಅವತ್ತು ಯಾಕೆ ಮಾಡಲಿಲ್ಲ ಎಂದು ಬಸ್ಸು ಮರೆಯಾಗುವವರೆಗೂ ಕುದಿಯುತ್ತಿದ್ದೆ.

ಕೊನೆಗೆ ಆಗಬೇಕಾದದ್ದು ಆಯಿತು. ಪಾಠ ಬಿಟ್ಟು ಗೊಂಬೆಯಾಟ ಆಡಿಸುತ್ತಾರೆ ಎಂದು ಯಾರೋ ದೂರು ಕೊಟ್ಟು, ಶಾಲೆಗಳ ಇನ್ಸ್‌ಪೆಕ್ಟರು ಅವ್ವನ ತರಗತಿ ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವತ್ತು ಬೆಳಿಗ್ಗೆ ಅವ್ವ ತಿಂಡಿ ತಿನ್ನಲಿಲ್ಲ. ನಾವು ಶಾಲೆಗೆ ಹೋದಾಗ ನಮ್ಮ ತರಗತಿಯ ಹಿಂದಿನ ಸಾಲಿನಲ್ಲಿ, ಮಕ್ಕಳ ಪಕ್ಕದಲ್ಲಿ, ಜಗಲಿಯ ಮೇಷ್ಟ್ರುಗಳು, ಟೀಚರುಗಳು ಕೂತಿದ್ದರು. ಬೇರೆ ಶಾಲೆಗಳವರೆಲ್ಲ ರಜೆ ಹಾಕಿ ಬಂದಿದ್ದರು. ತಿಪ್ಪೇಸ್ವಾಮಿ ಮೇಷ್ಟ್ರು ತಮ್ಮ ತರಗತಿಯ ಮಕ್ಕಳನ್ನೂ ಕರೆತಂದು ಕೂರಿಸಿದ್ದರು. ಇನ್ಸ್‌ಪೆಕ್ಟರು ಒಳಗೆ ಬಂದವರು ಹುಬ್ಬೇರಿಸಿದರು.

“ನೀವೆಲ್ಲ ಯಾಕ್ರಿ ಇಲ್ಲಿ?”

“ಪಾಠ ಕೇಳಾಕೆ ಬಂದೀವಿ ಸಾರ್,” ಎಂದರು ತಿಪ್ಪೇಸ್ವಾಮಿ ಮೇಷ್ಟ್ರು. “ನಮ್ಮ ತರಗತಿಯಾಗೂ ಹಿಂಗೇ ಮಾಡ್ತೀವಿ. ಬರೆಯೋದಿದ್ರೆ ನಮ್ಮ ಹೆಸ್ರೂ ಬರ್ಕೊಳ್ರಿ.”

ಅವ್ವ ಪಾಠ ಶುರುಮಾಡಿದಳು. ನದಿಯ ಪಾಠ. ನೀಲಿ ಸೀರೆಯನ್ನು ನೆಲದುದ್ದ ಹಾಸಿ, ಮಕ್ಕಳನ್ನು ಊರುಗಳಾಗಿ, ಗದ್ದೆಗಳಾಗಿ, ಕಾಲುವೆಗಳಾಗಿ ದಡದಲ್ಲಿ ನಿಲ್ಲಿಸಿದಳು. ಮೊದಮೊದಲು ಅವಳು ಇನ್ಸ್‌ಪೆಕ್ಟರ ಕಡೆಗೇ ನೋಡುತ್ತಾ ಪಾಠ ಹೇಳುತ್ತಿದ್ದಳು. ಹಿಂದಿನ ಸಾಲಿನ ಟೀಚರೊಬ್ಬರು ಎದ್ದು ಬಂದು ತಾವೂ ಒಂದು ಊರಾಗಿ ನಿಂತ ಮೇಲೆ ಸರಿಹೋಯಿತು. ಇನ್ಸ್‌ಪೆಕ್ಟರು ಪುಸ್ತಕ ತೆರೆದು ಪ್ರಶ್ನೆ ಕೇಳಿದರು. ಮಕ್ಕಳು ಉತ್ತರಿಸಿದರು. ಇನ್ನೂ ಕೇಳಿದರು, ಇನ್ನೂ ಉತ್ತರಿಸಿದರು. ಹೊರಡುವಾಗ ಅವರು ಹೇಳಿದ್ದು ಇಷ್ಟೇ: “ಗಲಾಟೆ ಸ್ವಲ್ಪ ಕಮ್ಮಿ ಮಾಡ್ರಿ.” ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ, ಬರೆಯಲೂ ಇಲ್ಲ. ಆದರೆ ವರ್ಗಾವಣೆಯೂ ಬರಲಿಲ್ಲ. ಅವ್ವ ನಿವೃತ್ತಿಯವರೆಗೂ ಆ ತಾಲ್ಲೂಕಿನಲ್ಲೇ ಉಳಿದಳು. ಕರೆದರೂ ಹೊನ್ನಾಳಿಗೆ ವಾಪಸು ಹೋಗಲಿಲ್ಲ.

ನಾನೂ ಟೀಚರಾದೆ, ಆಮೇಲೆ ಟೀಚರುಗಳಿಗೆ ಕಲಿಸುವವಳಾದೆ. ಈಗ ಕಲೆಯ ಮೂಲಕ ಕಲಿಕೆ ಅನ್ನುವುದು ಎಲ್ಲರ ಬಾಯಲ್ಲಿದೆ. ತರಬೇತಿಗಳಿಗೆ ಬ್ಯಾನರು, ಊಟ, ಪ್ರಮಾಣಪತ್ರ ಎಲ್ಲ ಇದೆ. ಮುಗಿದ ಮೇಲೆ ‘ಚಟುವಟಿಕೆಯ ಫೋಟೋ ಗ್ರೂಪಿಗೆ ಹಾಕಿ’ ಎಂದು ಮೆಸೇಜು. ಫೋಟೋ ಹಾಕಿದ ಟೀಚರನ್ನು ನಾಳೆ ಯಾರಾದರೂ ಬೈದರೆ ಅದೇ ಗ್ರೂಪಿನಲ್ಲಿ ಒಬ್ಬರೂ ಉಸಿರೆತ್ತುವುದಿಲ್ಲ. ನನಗೆ ಬರುವ ಸಿಟ್ಟೆಲ್ಲ ಈ ಮೌನದ ಮೇಲೆ. ಹೋದ ವರ್ಷ ಚನ್ನಗಿರಿಯ ಒಂದು ತರಬೇತಿಯಲ್ಲಿ ಮಾತು ಮುಗಿಸಿ ಕೂತಿದ್ದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಎದ್ದು ನಿಂತಳು. ಹೆಸರು ಶಬಾನಾ.

“ಮೇಡಂ, ನೀವು ಹೇಳಿದ್ದೆಲ್ಲ ಮಾಡ್ತೀನಿ. ಮಾಡಿದ್ದಕ್ಕೆ ಯಾರಾದ್ರೂ ಜಗಳಕ್ಕೆ ಬಂದ್ರೆ ನೀವು ಬರ್ತೀರಾ?”

ಸಭೆಯಲ್ಲಿ ನಗು. ವೇದಿಕೆಯ ಮೇಲಿದ್ದ ಅಧಿಕಾರಿಯೂ ನಕ್ಕು, “ಅದೆಲ್ಲ ಆಮೇಲೆ ಮಾತಾಡೋಣಮ್ಮ, ಈಗ ಊಟಕ್ಕೆ ಹೊತ್ತಾಗೈತೆ,” ಎಂದರು. ನಾನು ಮೈಕು ಬಿಡಲಿಲ್ಲ.

“ಈಗ್ಲೇ ಹೇಳ್ತೀನಿ. ಬರ್ತೀನಿ. ನೀವು ಬರ್ತೀರಾ ಸಾರ್?” ಎಂದು ಅವರನ್ನೇ ಕೇಳಿದೆ.

ಅವರು ಗಡಿಯಾರ ನೋಡಿಕೊಂಡರು. ಊಟಕ್ಕೆ ಎಲ್ಲರೂ ಎದ್ದರು. ಶಬಾನಾ ನನ್ನ ಫೋನ್ ನಂಬರು ಬರೆದುಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಫೋನು ಬಂತು. ಶಾಲೆಯ ಗೋಡೆಗೆ ಮಕ್ಕಳು ಬಿಡಿಸಿದ ಚಿತ್ರಗಳು ಊರಿನ ಕೆಲವರಿಗೆ ಹಿಡಿಸದೆ ಅವಕ್ಕೆ ಸುಣ್ಣ ಹೊಡೆಸಬೇಕಂತೆ, ನಾಳೆ ಊರಿನವರು ಸೇರುತ್ತಾರಂತೆ, ಅವಳು ಒಬ್ಬಳೇ ಇದ್ದಾಳಂತೆ. ಬೆಳಗಿನ ಮೊದಲ ಬಸ್ಸಿಗೆ ನಲ್ಲೂರಿನಲ್ಲಿ ಇಳಿದು, ಆಟೋ ಹಿಡಿದು ಅವಳ ಹಳ್ಳಿಗೆ ಹೋದೆ. ಅವಳ ಜೊತೆ ತರಬೇತಿ ಪಡೆದ ಇನ್ನಿಬ್ಬರು ಟೀಚರುಗಳು ತ್ಯಾವಣಿಗೆಯಿಂದ ನನಗಿಂತ ಮೊದಲೇ ಬಂದು ಗೇಟಿನ ಹತ್ತಿರ ನಿಂತಿದ್ದರು. ಅವರನ್ನು ನಾನು ಕರೆದಿರಲಿಲ್ಲ. ಸುಣ್ಣದ ಬಕೆಟ್ಟು ಹಿಡಿದ ಕೂಲಿಯವನು ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಬಕೆಟ್ಟು ಕೆಳಗಿಟ್ಟು, ಬೀಡಿ ಹಚ್ಚಿಕೊಂಡು ಮರದ ಕೆಳಗೆ ಹೋಗಿ ಕೂತ. ಸಭೆ ಇನ್ನೂ ಶುರುವಾಗಿರಲಿಲ್ಲ. ನಾವು ಒಳಗೆ ಹೋಗಿ ಶಬಾನಾಳ ಅಕ್ಕಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆವು.